ತುದಿಯವರೆಗೂ ನೆನೆದ ಕಾಗದ

ಮೊನ್ನೆ ಬೆಳಿಗ್ಗೆ ನಗರಸಭೆಯವರು ನಮ್ಮ ಬೀದಿಯ ಚರಂಡಿಯುದ್ದಕ್ಕೂ ಬ್ಲೀಚಿಂಗ್ ಪೌಡರ್ ಉದುರಿಸಿಕೊಂಡು ಹೋದರು. ಚಿಕ್ಕಬಳ್ಳಾಪುರದಲ್ಲಿ ಇದು ದಿನಾ ಸಿಗುವ ಭಾಗ್ಯವಲ್ಲ. ಯಾರಾದರೂ ದೊಡ್ಡವರು ಬರುವವರಿದ್ದರೆ ಮಾತ್ರ ಬೀದಿಗೆ ಬಿಳಿ ಗೆರೆ ಬೀಳುತ್ತದೆ. ನಾನು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಮುಂದೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಒಬ್ಬ ಹೆಂಗಸಿನ ಮುಖ ಬಂದು ನಿಂತಿತು. ಅವಳ ಸೆರಗಿನಲ್ಲೂ ಇದೇ ವಾಸನೆಯಿತ್ತು… ಒಳಗೆ ಹೋಗಿ ಹಾಲು ಕಾಯಿಸಲು ಇಟ್ಟೆ, ಅದು ಉಕ್ಕಿ ಒಲೆಯೆಲ್ಲ ಹರಿದ ಮೇಲೆ ನೋಡಿದೆ.

ನಾನು ಕಣ್ಣಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವವಳು. ಡಾಕ್ಟರಲ್ಲ, ಡಾಕ್ಟರು ನೋಡುವುದಕ್ಕೆ ಮೊದಲು ನೋಡುವವಳು. ಗೋಡೆಯ ಮೇಲಿನ ಅಕ್ಷರ ಓದಿಸುವುದು, ಹನಿ ಹಾಕಿ ಕೂರಿಸುವುದು, ಕನ್ನಡಕದ ನಂಬರು ಬರೆಯುವುದು ನನ್ನ ಕೆಲಸ. ಡಿಪ್ಲೊಮಾ ಮುಗಿಸಿದಾಗ ಸಿಕ್ಕ ಮೊದಲ ನೌಕರಿ ಶಿಡ್ಲಘಟ್ಟದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ. ಈಗ ಹನ್ನೆರಡು ವರ್ಷ ಆಯಿತು. ಬಾಡಿಗೆಗೆ ಮನೆ ಸಿಕ್ಕಿದ್ದು ಊರಿನ ಅಂಚಿನಲ್ಲಿ, ಹಿಪ್ಪುನೇರಳೆ ತೋಟ ಶುರುವಾಗುವ ಕಡೆ, ರೇಷ್ಮೆ ಬೆಳೆಯುವವರ ಮನೆಯ ಮುಂಭಾಗದ ಎರಡು ಕೋಣೆ. ಹಿಂಭಾಗದಲ್ಲಿ ಓನರ ಸಂಸಾರ, ಅದರ ಹಿಂದೆ ಅಂಗಳ, ಅಂಗಳದಾಚೆ ಹುಳುಮನೆ. ನಾನು ಬರೆಯಹೊರಟಿರುವುದು ಆ ಮನೆಯ ಸೊಸೆಯ ಬಗ್ಗೆ. ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ.

ಅಕ್ಕನ ಮಾತು ಕೇಳಲೆಂದೇ ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೊತ್ತು ಕಳೆಯುತ್ತಿದ್ದೆ. ರೇಷ್ಮೆಹುಳುಗಳಿಗೆ ಅವಳು ಇಟ್ಟಿದ್ದ ಹೆಸರು ಅಳಿಯಂದಿರು. ಹೊತ್ತುಹೊತ್ತಿಗೆ ಬಡಿಸಬೇಕು, ತಿಂದು ಮಲಗುತ್ತವೆ, ಎದ್ದರೆ ಮತ್ತೆ ಬಡಿಸಬೇಕು, ಒಂದು ದಿನ ಸೊಪ್ಪು ಬಾಡಿದ್ದರೂ ಮುಖ ತಿರುಗಿಸುತ್ತವೆ, ಆದ್ದರಿಂದ ಅಳಿಯಂದಿರು. "ಒಬ್ಬ ಅಳಿಯನ್ನ ಸಾಕಕ್ಕೇ ಜನ ಹೈರಾಣಾಗ್ತಾರೆ, ನಮ್ಮತ್ತೆ ನೋಡು, ಸಾವಿರಾರು ಅಳಿಯಂದ್ರನ್ನ ತಂದು ನನ್ನ ಕೈಗೆ ಕೊಟ್ಟವ್ರೆ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಗುವಾಗಲೂ ಕಣ್ಣು ಪಟಪಟ ಬಡಿಯುತ್ತಿತ್ತು. ನಾನು ಮೊದಲ ವಾರವೇ ಅದನ್ನು ಗಮನಿಸಿದ್ದೆ. ಕಲಿತ ಹೊಸತಲ್ಲವೇ, ಎದುರಿಗೆ ಸಿಕ್ಕವರ ಮುಖ ನೋಡುವ ಬದಲು ಕಣ್ಣು ನೋಡುವ ಚಟ ಇತ್ತು.

ಹುಳುಮನೆಗೆ ನನಗೆ ಪ್ರವೇಶವಿರಲಿಲ್ಲ. ಹೊರಗಿನವರು ಹೋದರೆ ಹುಳುವಿಗೆ ರೋಗ ತಾಗುತ್ತದೆ ಎಂದು ಓನರಮ್ಮ, ಅಂದರೆ ಅಕ್ಕನ ಅತ್ತೆ, ಬಂದ ದಿನವೇ ಹೇಳಿಬಿಟ್ಟಿದ್ದರು. ಕಿಟಕಿಗಳಿಗೆಲ್ಲ, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ನುಗ್ಗದಂತೆ ಒತ್ತೊತ್ತಾಗಿ ಬಲೆ. ಗಾಳಿ ಬರುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ಹುಳು ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ ಎಂದು ನಾಲ್ಕು ಜ್ವರ ಕಳೆದರೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಪ್ರತಿ ಜ್ವರದಿಂದ ಎದ್ದಾಗಲೂ ಹುಳುವಿನ ಹಾಸಿಗೆಯ ಮೇಲೆ ಸುಣ್ಣ, ರೋಗ ತಡೆಯುವ ಪುಡಿ ಉದುರಿಸಬೇಕು. ಗೂಡು ಇಳಿಸಿದ ಮೇಲೆ ಮನೆಗೆಲ್ಲ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಬೇಕು. ತೊಳೆದು ಒಣಗುವುದರೊಳಗೆ ಮುಂದಿನ ಬೆಳೆಯ ಹುಳು ಬಂದಿರುತ್ತಿತ್ತು. ಈ ಕೆಲಸವೆಲ್ಲ ಅಕ್ಕನದು. ಗಂಡ ತೋಟದಿಂದ ಸೊಪ್ಪು ತಂದು ಬಾಗಿಲಲ್ಲಿ ಇಳಿಸುತ್ತಿದ್ದ, ಗೂಡು ಮಾರುಕಟ್ಟೆಗೆ ಸಾಗಿಸುತ್ತಿದ್ದ, ಮಿಕ್ಕಂತೆ ಬಾಯಿ ಬಿಡುತ್ತಿರಲಿಲ್ಲ. ಮಗಳನ್ನು ಮುದ್ದೇನಹಳ್ಳಿ ಕಡೆ ಹಾಸ್ಟೆಲಿನಲ್ಲಿ ಬಿಟ್ಟು ಓದಿಸುತ್ತಿದ್ದರು.

ಬೆಳೆ ನಡೆಯುತ್ತಿರುವಾಗ ಅಕ್ಕ ಎಲ್ಲೂ ಹೋಗುವಂತಿರಲಿಲ್ಲ. ಸಾವಿನ ಮನೆಗೆ ಹೋಗಬಾರದು, ಮೈಲಿಗೆ ಬರುತ್ತದೆ. ಮದುವೆಮನೆಗೆ ಹೋಗಬಾರದು, ಸೊಪ್ಪು ಹಾಕುವ ಹೊತ್ತು ತಪ್ಪುತ್ತದೆ. ಬೆಳೆ ಯಾವಾಗಲೂ ನಡೆಯುತ್ತಲೇ ಇತ್ತು. ಗೌರಿಬಿದನೂರಿನ ಹತ್ತಿರ ಅವಳ ತವರು. ಬಸ್ಸಿನಲ್ಲಿ ಎಷ್ಟು ದೂರ ಮಹಾ! ನಾನು ಅಲ್ಲಿದ್ದ ಒಂದೂವರೆ ವರ್ಷದಲ್ಲಿ ಅವಳು ಒಂದೇ ಸಲ ಹೋಗಿಬಂದಳು, ಅದೂ ಬೆಳಿಗ್ಗೆ ಹೋಗಿ ಸಂಜೆ ವಾಪಸ್ಸು. ಹುಳುವಿಗೆ ಜ್ವರ ಅಂದರೆ ಆ ಮನೆಯಲ್ಲಿ ಒಗ್ಗರಣೆ ಕೂಡ ಹಾಕುತ್ತಿರಲಿಲ್ಲ, ಎಲ್ಲರದೂ ಪಿಸುಮಾತು. ಸೊಸೆ ಕಣ್ಣುರಿ ಅಂದರೆ ಮಾತ್ರ ಅದು ನಾಟಕ.

ಕಣ್ಣುರಿ ಎಂದು ಅವಳು ಹೇಳಿ ಹೇಳಿ ಸಾಕಾಗಿದ್ದಳು. "ಒಳಗೆ ಯಾರೋ ಹಿಡಿ ಮರಳು ಹಾಕಿದಂಗೆ ಇರುತ್ತೆ ಕಣಮ್ಮ. ಬೆಳಿಗ್ಗೆ ರೆಪ್ಪೆ ಬಿಡಿಸಕ್ಕೇ ಆಗಲ್ಲ. ಮಧ್ಯಾಹ್ನದ ಮೇಲೆ ಹುಳ ಯಾವುದು ಎಲೆ ಯಾವುದು ಮಂಜುಮಂಜು." ಒಮ್ಮೊಮ್ಮೆ ಕಣ್ಣಿಂದ ನೀರು ಸುರಿಯುತ್ತಿತ್ತು, ಒಮ್ಮೊಮ್ಮೆ ಬೆಂಕಿಯ ಹಾಗೆ ಕೆಂಪಗೆ ಒಣಗಿರುತ್ತಿತ್ತು. ನಂದಿಬಟ್ಟಲು ಹೂವನ್ನು ನೀರಲ್ಲಿ ನೆನೆಸಿ ಕಣ್ಣಿಗೆ ಇಟ್ಟುಕೊಂಡಳು. ಹರಳೆಣ್ಣೆ ಬಿಟ್ಟುಕೊಂಡಳು. ಯಾರೋ ಹೇಳಿದರೆಂದು ಮುರುಗಮಲ್ಲದ ದರ್ಗಾದಿಂದ ದಾರವನ್ನೂ ತರಿಸಿ ಕಟ್ಟಿಕೊಂಡಿದ್ದಳು. ಓನರಮ್ಮ ಚಿಂತಾಮಣಿಯಾಚೆ ಆಂಧ್ರದ ಗಡಿಯ ಕಡೆಯವರು, ಸಿಟ್ಟು ಬಂದರೆ ಅರ್ಧ ತೆಲುಗು. "ಏಮ್ಮಾ, ಪುಡಿ ಹಾಕೋ ದಿನವೇ ಬರ್ತದಾ ಇವಳಿಗೆ ಕಣ್ಣುನೋವು? ನಾವೂ ಇಪ್ಪತ್ತು ವರ್ಷ ಹಾಕ್ಲಿಲ್ವಾ? ನಮ್ಮ ಕಣ್ಣು ಏನು ಕಲ್ಲಾ?" ಎನ್ನುತ್ತಿದ್ದರು.

ಅವರಿಗೆ ಇನ್ನೂ ಹೆಚ್ಚು ಸಿಟ್ಟಿದ್ದುದು ಊಟದ ವಿಷಯದಲ್ಲಿ. ಅಕ್ಕ ಮುದ್ದೆ ಉಣ್ಣುತ್ತಿರಲಿಲ್ಲ. ಎರಡು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗೆ ಹಾಕಿ, ಒಂದು ಚೊಂಬು ನೀರು ಕುಡಿದು ತಟ್ಟೆ ಸರಿಸಿಬಿಡುತ್ತಿದ್ದಳು. ನಮ್ಮ ಕಡೆ ಮುದ್ದೆ ಬೇಡ ಎನ್ನುವ ಸೊಸೆಗಿಂತ ದೊಡ್ಡ ಅಪರಾಧಿ ಇಲ್ಲ. "ಗೌರಿಬಿದನೂರಿಂದ ಬಂದವಳೇ ಮಹಾರಾಣಿ! ಅವರೂರಲ್ಲಿ ರಾಗಿ ಬೆಳೆಯಲ್ವಾ?" ಎಂದು ಓನರಮ್ಮ ನನಗೂ ಕೇಳುವ ಹಾಗೆ ಹೇಳುತ್ತಿದ್ದರು. ಅವರು ಕೆಟ್ಟವರೆಂದು ಈಗ ಬರೆಯಲಾರೆ. ನನಗೆ ಜ್ವರ ಬಂದಾಗ ಗಂಜಿ ತಂದು ತಲೆಯ ಬಳಿ ಕೂತವರು ಅವರೇ. ಸೊಸೆಯ ವಿಷಯ ಬಂದರೆ ಮಾತ್ರ ಅವರ ಕಿವಿ ಮುಚ್ಚಿಹೋಗುತ್ತಿತ್ತು. ನಾನು ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ, ಎಲ್ಲರೂ ಎಲ್ಲರಿಗೂ ಕೇಳುವ ಹಾಗೆ, "ಊಟ ಆಯ್ತಾ ಅಕ್ಕ?" ಎಂದು ಕೇಳುತ್ತಿದ್ದೆ. ಅವಳು ದಿನಾ "ಆಯ್ತು ಕಣಮ್ಮ" ಎನ್ನುತ್ತಿದ್ದಳು. ಅಡುಗೆಮನೆಯ ಬಾಗಿಲು ಅಲ್ಲೇ ಇತ್ತು, ಅತ್ತೆಗೆ ಕೇಳಿಸುತ್ತಿತ್ತು.

ಅವಳನ್ನು ಕ್ಲಿನಿಕ್ಕಿಗೆ ಕರೆತರಬೇಕೆಂದು ಹಟ ಹಿಡಿದವಳು ನಾನೇ. ಕಣ್ಣು ಒಣಗುವ ಕಾಯಿಲೆ ಎಂಬುದೊಂದಿದೆ, ಅದು ಹೊರಗೆ ಕಾಣುವುದಿಲ್ಲ, ಆದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ ಎಂದು ಓನರಮ್ಮನಿಗೆ ಬಿಡಿಸಿ ಹೇಳಿದೆ. ಅಳತೆಯ ಗೆರೆ ಹಾಕಿದ ಒಂದು ಕಾಗದದ ಪಟ್ಟಿ ಇರುತ್ತದೆ, ಅದರ ತುದಿ ಮಡಚಿ ಕೆಳರೆಪ್ಪೆಯ ಒಳಗೆ ಸಿಕ್ಕಿಸಿ ಐದು ನಿಮಿಷ ಬಿಡಬೇಕು. ಕಣ್ಣಲ್ಲಿ ನೀರಿದ್ದರೆ ಕಾಗದ ನೆನೆಯುತ್ತ ಇಳಿಯುತ್ತದೆ. ಐದು ಮಿಲಿಮೀಟರ್ ಕೂಡ ನೆನೆಯದಿದ್ದರೆ ಕಣ್ಣು ಒಣಗಿದೆ ಎಂದೇ ಅರ್ಥ. ಅವರು ಅವರೆಕಾಯಿ ಸುಲಿಯುತ್ತ ಎಲ್ಲ ಕೇಳಿಸಿಕೊಂಡರು.

"ಕಾಗದ ಸುಳ್ಳು ಹೇಳಲ್ಲ ತಾನೇ?" ಎಂದರು.

"ಇಲ್ಲಮ್ಮ, ಅದು ಹೆಂಗೆ ಹೇಳುತ್ತೆ," ಎಂದೆ.

"ಸರ್ಲೇ. ಹಂಗಾದ್ರೆ ನೋಡೇ ಬಿಡಣ. ಒಣಗಿದೆ ಅಂತ ಕಾಗದ ಹೇಳಿದ್ರೆ ಇವಳನ್ನ ಹುಳುಮನೆಗೆ ಕಳಿಸಲ್ಲ, ಕೂಲಿಯವರನ್ನ ಇಟ್ಕೊಂತೀನಿ. ಇಲ್ಲ ಅಂದ್ರೆ, ಇನ್ನೊಂದು ಸಲ ಈ ಮನೇಲಿ ಕಣ್ಣು ಅನ್ನೋ ಮಾತು ಬರಕೂಡದು."

ಒಲೆಯ ಮುಂದಿದ್ದ ಅಕ್ಕ ತಿರುಗಿ ನನ್ನನ್ನು ನೋಡಿದಳು. ಆ ನೋಟದಲ್ಲಿದ್ದ ಆಸೆ ನನಗೆ ಇವತ್ತಿಗೂ ನೆನಪಿದೆ. ಆದರೆ ಹೊರಡಬೇಕಲ್ಲ? ಈ ಬೆಳೆ ಇಳಿಯಲಿ ಎಂದರು, ಮುಂದಿನ ಬೆಳೆಯ ನಾಲ್ಕನೇ ಜ್ವರ ಎಂದರು. ಮೂರು ಬೆಳೆ ಕಳೆದ ಮೇಲೆ ಒಂದು ಗುರುವಾರ, ಹುಳುಮನೆ ತೊಳೆದು ಮುಗಿಸಿದ ಮಧ್ಯಾಹ್ನ, ಅತ್ತೆ ಸೊಸೆ ಇಬ್ಬರೂ ಬಂದರು.

ಡಾಕ್ಟರು ವಾರಕ್ಕೆ ಎರಡೇ ದಿನ ಬರುತ್ತಿದ್ದುದರಿಂದ ಕ್ಲಿನಿಕ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಪರೀಕ್ಷೆಯ ಕೋಣೆ ಎಂದರೆ ಪ್ಲೈವುಡ್ ಹಲಗೆಯಿಂದ ಬೇರೆ ಮಾಡಿದ ಒಂದು ಮೂಲೆ, ಬಾಗಿಲ ಬದಲು ಪರದೆ. ಓನರಮ್ಮ ಪರದೆಯ ಹೊರಗಿನ ಬೆಂಚಿನಲ್ಲಿ ಕೂತರು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಎರಡು ಪಟ್ಟಿ ಬಿಚ್ಚಿ, ತುದಿ ಮಡಚಿದೆ. ಹತ್ತಿರ ಬಾಗಿದಾಗ ಅವಳ ಮೈಯಿಂದ, ಕೂದಲಿಂದ ಬ್ಲೀಚಿಂಗ್ ಪೌಡರ್ ಘಾಟು. ರೆಪ್ಪೆ ಕೆಳಗೆಳೆದು ಒಂದೊಂದೇ ಪಟ್ಟಿ ಸಿಕ್ಕಿಸಿದೆ. ಒರೆಸಿಕೊಳ್ಳಬಾರದು, ಅಲ್ಲಾಡಬಾರದು, ಕಣ್ಣು ಮೆಲ್ಲಗೆ ಮುಚ್ಚಿಕೊಂಡು ಸುಮ್ಮನೆ ಕೂತಿರಬೇಕು ಎಂದೆ. "ಸುಮ್ನೆ ಕೂರೋದಾ? ಐದು ನಿಮಿಷಾನಾ? ಮದುವೆಯಾದ ಮೇಲೆ ಇದೇ ಮೊದಲು," ಎಂದು ನಕ್ಕಳು. ಎರಡು ಕಣ್ಣಿಂದಲೂ ಕಾಗದ ಜೋತಾಡುತ್ತಿತ್ತು, ಕೈಯೆರಡೂ ತೊಡೆಯ ಮೇಲೆ ಮುಷ್ಟಿಕಟ್ಟಿ ಕೂತಿದ್ದವು.

ಎರಡು ನಿಮಿಷವಾದಾಗ ಬಗ್ಗಿ ನೋಡಿದೆ. ಒದ್ದೆ ಮಡಿಕೆಯನ್ನು ದಾಟಿರಲಿಲ್ಲ ಎನ್ನಬಹುದು, ಬಲಗಣ್ಣಿನಲ್ಲಿ ಎರಡು ಮಿಲಿಮೀಟರ್, ಎಡಗಣ್ಣಿನಲ್ಲಿ ಅದೂ ಇಲ್ಲ. ನನಗೆ ಸಂತೋಷವಾಯಿತು. ಒಬ್ಬರ ಕಣ್ಣು ಬತ್ತಿರುವುದನ್ನು ಕಂಡು ಸಂತೋಷಪಟ್ಟೆ ಎಂದು ಬರೆಯಲು ನಾಚಿಕೆ, ಆದರೆ ಆದದ್ದು ಅದೇ. ಗೆದ್ದೆವು ಅನ್ನಿಸಿತು. ಇನ್ನು ಮೂರು ನಿಮಿಷ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಪರೀಕ್ಷೆ ನಡೆಯುವಾಗ ರೋಗಿಯನ್ನು ಮಾತಾಡಿಸಕೂಡದು ಎಂದು ನಮಗೆ ಕಲಿಸಿದ್ದರು, ಡಾಕ್ಟರು ಬೇರೆ ಅದಕ್ಕಾಗಿ ಒಮ್ಮೆ ಬೈದಿದ್ದರು. ಆದರೆ ಒಬ್ಬರ ಎದುರು ಸುಮ್ಮನೆ ನಿಲ್ಲುವುದು ನನಗೆ ಬರುವುದಿಲ್ಲ. ಗೆದ್ದ ಉಮೇದು ಬೇರೆ. ಮಧ್ಯಾಹ್ನದ ಹೊತ್ತಲ್ಲವೇ, ಬಾಯಿಗೆ ಬಂದದ್ದು ದಿನದ ಮಾತೇ.

"ಊಟ ಆಯ್ತಾ ಅಕ್ಕ?"

"ಆಯ್…" ಎಂದವಳು ನಿಲ್ಲಿಸಿದಳು. ಅವಳು ಆ ಮಾತನ್ನು ಅರ್ಧಕ್ಕೆ ಬಿಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಣ್ಣು ಮುಚ್ಚಿತ್ತು. ಅತ್ತೆ ಪರದೆಯಾಚೆ ಯಾರೊಂದಿಗೋ ಟೊಮೆಟೊ ರೇಟಿನ ಬಗ್ಗೆ ಜೋರಾಗಿ ಮಾತಾಡುತ್ತಿದ್ದರು. "ಇಲ್ಲ ಕಣಮ್ಮ," ಎಂದಳು ತೀರಾ ಸಣ್ಣ ದನಿಯಲ್ಲಿ. "ಮುದ್ದೆ ಗಂಟಲಲ್ಲಿ ಇಳಿಯಲ್ಲ. ಬಾಯಲ್ಲಿ ಎಂಜಲೇ ಇರಲ್ಲ, ಅಂಗುಳಕ್ಕೆ ಅಂಟ್ಕೊಂಡುಬಿಡುತ್ತೆ. ನುಂಗಕ್ಕೆ ಹೋದ್ರೆ ಉಸಿರು ಕಟ್ಟುತ್ತೆ. ಹೊಟ್ಟೆತುಂಬ ಉಂಡು ಎಷ್ಟು ತಿಂಗಳಾಯ್ತೋ… ಕೊಬ್ಬು ಅಂತಾರೆ. ಹಸಿವಾಗಲ್ವಾ ನಂಗೆ? ಯಾರಿಗೆ ಹೇಳ್ಲಿ?"

ಆಮೇಲೆ ಅಳು ಬಂತು. ಬಿಕ್ಕಲಿಲ್ಲ, ಸದ್ದು ಮಾಡಲಿಲ್ಲ, ಮುಷ್ಟಿಯನ್ನೂ ಬಿಚ್ಚಲಿಲ್ಲ. ಅಲ್ಲಾಡಬಾರದು ಎಂದು ನಾನು ಹೇಳಿದ್ದನ್ನು ಅಳುವಾಗಲೂ ಪಾಲಿಸಿದಳು. ನೀರು ಮಾತ್ರ ಕಾಗದದಲ್ಲಿ ಸರಸರ ಇಳಿಯಿತು. ಹತ್ತು, ಹದಿನೈದು, ಇಪ್ಪತ್ತೈದು… ನಾನು ನೋಡುತ್ತ ನಿಂತಿದ್ದೆ, ಪಟ್ಟಿ ಕೀಳಬೇಕೆಂದೂ ತೋಚಲಿಲ್ಲ. ಎರಡೂ ಪಟ್ಟಿಗಳು ತುದಿಯವರೆಗೂ ನೆನೆದು, ಕೊನೆಯಿಂದ ಹನಿ ಬಿದ್ದು ಅವಳ ಸೆರಗು ಒದ್ದೆಯಾಯಿತು. ಐದು ನಿಮಿಷದ ಗಂಟೆ ಹೊಡೆಯಿತು.

"ಪೇಪರ್ ಎಷ್ಟಮ್ಮ?" ಡಾಕ್ಟರು ಆ ಕಡೆಯಿಂದ ಕೂಗಿದರು.

ಆಗ ನಾನು ಒಂದು ಮಾತು ಹೇಳಬೇಕಿತ್ತು. ಸರ್, ಮಾತಾಡಿಸಿಬಿಟ್ಟೆ, ಅತ್ತುಬಿಟ್ಟರು, ಇದು ಲೆಕ್ಕಕ್ಕಿಲ್ಲ, ಇನ್ನೊಮ್ಮೆ ಮಾಡಬೇಕು. ಹೇಳಿದರೆ ಬೈಗುಳ ತಿನ್ನಬೇಕಿತ್ತು, ಅದೇನು ದೊಡ್ಡದಲ್ಲ. ಆದರೆ ಏಕೆ ಅತ್ತರು ಎಂದು ಅವರು ಕೇಳಿದರೆ? ಪರದೆಯಾಚೆ ಓನರಮ್ಮ ಕೂತಿದ್ದರು. ನಿಮ್ಮ ಮನೆಯಲ್ಲಿ ನಿಮ್ಮ ಸೊಸೆಗೆ ಹೊಟ್ಟೆಗೆ ಹಿಟ್ಟಿಲ್ಲ ಎಂದು, ಊರವರೆಲ್ಲ ಕೂತಿರುವ ಕಡೆ, ಅವರದೇ ಮನೆಯ ಬಾಡಿಗೆಗಿರುವವಳು ಸಾರಿ ಹೇಳಿದಂತೆ ಆಗುತ್ತಿತ್ತು. ಸಂಜೆ ನಾನು ಅದೇ ಮನೆಗೆ ಹೋಗಬೇಕು. ಅಕ್ಕನೂ ಅದೇ ಮನೆಗೆ ಹೋಗಬೇಕು, ಅವಳ ಗತಿ ಏನು? ಹೀಗೆಲ್ಲ ಯೋಚಿಸಿದೆ ಎಂದು ಈಗ ಹೇಳುತ್ತಿದ್ದೇನೆ. ಆ ಹೊತ್ತಿಗೆ ಪಟ್ಟಿಗಳನ್ನು ಕಿತ್ತು ಗೆರೆ ಎಣಿಸಿದೆ, ಅಷ್ಟೆ.

"ಪೂರ್ತಿ ಸರ್. ಎರಡೂ ಕಣ್ಣು ಮೂವತ್ತೈದು," ಎಂದೆ.

ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡುವ ಇನ್ನೊಂದು ಪರೀಕ್ಷೆಯಿದೆ. ರೋಗಿ ರೆಪ್ಪೆ ಬಡಿಯದೆ ಕೂತರೆ, ಕಣ್ಣಿನ ಮೇಲಿನ ನೀರಿನ ಪದರ ಎಷ್ಟು ಹೊತ್ತಿಗೆ ಒಡೆಯುತ್ತದೆಂದು ಅದರಲ್ಲಿ ಕಾಣುತ್ತದೆ. ಅದನ್ನಾದರೂ ಮಾಡಿದ್ದರೆ ಸತ್ಯ ಹೊರಬೀಳುತ್ತಿತ್ತು. ಕಾಗದ ಪೂರ್ತಿ ನೆನೆದಿದೆ ಎಂದ ಮೇಲೆ ಅದರ ಅಗತ್ಯ ಯಾರಿಗೂ ಕಾಣಲಿಲ್ಲ. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಪುಡಿಯ ಅಲರ್ಜಿ ಎಂದು ಒಂದು ಹನಿ ಬರೆದರು. ಚೀಟಿಯಲ್ಲಿ ಕಾಗದದ ಅಳತೆಯನ್ನೂ, ಪಕ್ಕದಲ್ಲಿ ನಾರ್ಮಲ್ ಎಂಬ ಪದವನ್ನೂ ಬರೆದವಳು ನಾನು. ನನ್ನದು ದುಂಡಗಿನ ಅಕ್ಷರ, ಎಲ್ಲರೂ ಹೊಗಳುತ್ತಾರೆ.

"ನಾರ್ಮಲ್ ಅಂದ್ರೆ ಏನು?" ಅಕ್ಕ ಕೇಳಿದಳು.

"ಕಣ್ಣಲ್ಲಿ ನೀರು ಚೆನ್ನಾಗಿದೆ ಅಂತ ಅಕ್ಕ."

"ಹಂಗಾದ್ರೆ ಈ ಉರಿ?"

ಮುಂದಿನ ವಾರ ಇನ್ನೊಂದು ಸಲ ನೋಡೋಣ ಎಂದೆ. ಓನರಮ್ಮ ಚೀಟಿ ಮಡಚಿ ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡರು. ಅವರ ಮುಖದಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ, ನಿಟ್ಟುಸಿರು ಬಿಟ್ಟ ಹಾಗಿತ್ತು. "ದೇವುಡಾ, ಏನೂ ಇಲ್ವಲ್ಲ, ಅಷ್ಟು ಸಾಕು," ಎಂದರು. ಮಾರನೆಯ ದಿನವೇ ಹೊಸ ಹುಳು ಬಂದವು.

ಆ ಮುಂದಿನ ವಾರ ಬರಲೇ ಇಲ್ಲ. ಅತ್ತೆ ಹಾಕಿದ್ದ ಷರತ್ತಿನಂತೆ ಅಕ್ಕ ಆ ಮನೆಯಲ್ಲಿ ಕಣ್ಣು ಎಂಬ ಮಾತು ಎತ್ತಲಿಲ್ಲ, ನನ್ನ ಹತ್ತಿರವೂ ಎತ್ತಲಿಲ್ಲ. ಒಗೆಯುವ ಕಲ್ಲಿನ ಬಳಿ ಸಿಕ್ಕರೆ ಅಳಿಯಂದಿರ ಯೋಗಕ್ಷೇಮ ಹೇಳುತ್ತಿದ್ದಳು, ನಗಿಸುತ್ತಿದ್ದಳು. ನಾನೇ ಬೇರೆ ಹೊತ್ತಿಗೆ ಬಟ್ಟೆ ಒಗೆಯತೊಡಗಿದೆ. ಬೆಳಿಗ್ಗೆ ಊಟದ ವಿಷಯ ಕೇಳುವುದನ್ನೂ ಬಿಟ್ಟೆ, "ಬರ್ತೀನಕ್ಕ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಓಡುತ್ತಿದ್ದೆ. ಕೆಲವು ತಿಂಗಳಿಗೆ ಚಿಕ್ಕಬಳ್ಳಾಪುರದಲ್ಲಿ ದೊಡ್ಡ ಆಸ್ಪತ್ರೆಯ ಕೆಲಸ ಸಿಕ್ಕಿತು. ಸಾಮಾನು ಟೆಂಪೊಗೆ ಹಾಕಿಸಿ, ಹೇಳಿಹೋಗಲು ಹಿಂದೆ ಹೋದರೆ, ಅವಳು ಹುಳುಮನೆಯ ಒಳಗಿದ್ದಳು. ಪುಡಿ ಹಾಕುವ ದಿನ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಿಟಕಿಯ ಬಲೆಯ ಹಿಂದೆ ಬಂದು ನಿಂತಳು. ಬಲೆ ಎಷ್ಟು ಒತ್ತೊತ್ತಾಗಿತ್ತೆಂದರೆ ಮುಖ ಸರಿಯಾಗಿ ಕಾಣಲಿಲ್ಲ. "ಹೋಗ್ತೀನಿ ಅನ್ಬೇಡ ಕಣಮ್ಮ, ಹೋಗ್ಬರ್ತೀನಿ ಅನ್ನು," ಎಂದಳು. ಹಾಗೇ ಅಂದೆ. ಅಂದೆನೇ ಹೊರತು ಎಷ್ಟೋ ವರ್ಷ ಆ ಕಡೆ ತಲೆ ಹಾಕಲಿಲ್ಲ.

ಹೋದ ವರ್ಷ ನಮ್ಮ ಆಸ್ಪತ್ರೆಯಲ್ಲಿ ನಮ್ಮಂಥ ಕೆಲಸದವರಿಗೆಲ್ಲ ಒಂದು ದಿನದ ತರಬೇತಿ ಇಟ್ಟಿದ್ದರು. ಪಾಠ ಮಾಡಿದವರು ವಯಸ್ಸಾದ ಒಬ್ಬ ಡಾಕ್ಟರಮ್ಮ. ಕಣ್ಣು ಒಣಗಿದೆ ಎಂದು ಬಂದವರ ಬಾಯಿಯ ವಿಷಯವನ್ನೂ ಕೇಳಿ ಎಂದರು. ಮೈ ತನ್ನ ನೀರಿನ ಗ್ರಂಥಿಗಳನ್ನು ತಾನೇ ಹಾಳುಮಾಡಿಕೊಳ್ಳುವ ಕಾಯಿಲೆಯೊಂದಿದೆ, ಹೆಂಗಸರಲ್ಲೇ ಹೆಚ್ಚು, ಕಣ್ಣೂ ಬತ್ತುತ್ತದೆ, ಬಾಯಿಯೂ ಬತ್ತುತ್ತದೆ, ಬಿಟ್ಟರೆ ಶ್ವಾಸಕೋಶಕ್ಕೂ ಹೋಗಬಹುದು. ಶುರುವಿನಲ್ಲಿ ಅಳು ಬಂದರೆ ಕಣ್ಣೀರು ಬರುತ್ತದೆ, ಅದನ್ನು ನಂಬಿ ಮೋಸಹೋಗಬೇಡಿ ಎಂದರು. "ಪುಸ್ತಕದಲ್ಲಿ ಬಿಸ್ಕತ್ತು ತಿನ್ನೋಕಾಗುತ್ತಾ ಕೇಳಿ ಅಂತಿರುತ್ತೆ. ನಮ್ಮ ಕಡೆ ಬಿಸ್ಕತ್ತು ಯಾಕೆ? ಮುದ್ದೆ ಇಳಿಯುತ್ತಾ ಅಂತ ಕೇಳಿ, ಅಷ್ಟು ಸಾಕು." ಎಲ್ಲರೂ ನಕ್ಕರು. ನಾನು ಬರೆದುಕೊಳ್ಳುತ್ತಿದ್ದ ಪೆನ್ನು ನಿಂತುಹೋಯಿತು. ಅಕ್ಕ ಆ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ತನ್ನ ಕಾಯಿಲೆ ಯಾವುದೆಂದು ತಾನೇ ಬಾಯಿಬಿಟ್ಟು ನನಗೆ ಹೇಳಿದ್ದಳು. ನಾನು ಅದನ್ನು ಅತ್ತೆ ಸೊಸೆ ಜಗಳ ಎಂದು ಕೇಳಿಸಿಕೊಂಡಿದ್ದೆ.

ಆ ಭಾನುವಾರವೇ ಶಿಡ್ಲಘಟ್ಟದ ಬಸ್ಸು ಹತ್ತಿದೆ. ಹುಳುಮನೆಯ ಕಿಟಕಿಗಳಿಗೆ ಬಲೆಯಿರಲಿಲ್ಲ. ಒಳಗೆ ಟೊಮೆಟೊ ಕ್ರೇಟುಗಳನ್ನು ಜೋಡಿಸಿದ್ದರು. ಓನರಮ್ಮ ಅಂಗಳದಲ್ಲಿ ಮಂಚದ ಮೇಲೆ ಕೂತಿದ್ದರು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಕ್ಕ ಎಲ್ಲಿ ಎಂದೆ.

"ಗೊತ್ತಿಲ್ವಾ ನಿಂಗೆ? ಹೋಗಿಬಿಟ್ಳಲ್ಲಮ್ಮ. ಎರಡು ವರ್ಷ ಆಯ್ತು."

ಮೊದಲು ಒಂದು ಕಣ್ಣಿಗೆ ಹೂ ಬಿದ್ದಿತಂತೆ, ಕರಿಗುಡ್ಡೆಯ ಮೇಲೆ ಬಿಳಿ ಕಲೆ. ಅದಾದ ಮೇಲೆ ಇನ್ನೊಂದಕ್ಕೆ. ಆಗ ಬೆಂಗಳೂರಿಗೆ ಕರೆದುಕೊಂಡು ಓಡಿದರು, ಕಾಯಿಲೆಯ ಹೆಸರು ಅಲ್ಲಿ ಗೊತ್ತಾಯಿತು. ಅಷ್ಟು ಹೊತ್ತಿಗೆ ಕೆಮ್ಮು ಹತ್ತಿತ್ತು, ಉಸಿರು ಸಿಗುತ್ತಿರಲಿಲ್ಲ. ಹುಳು ಸಾಕುವುದನ್ನು ಆವತ್ತೇ ನಿಲ್ಲಿಸಿದರು. ಇದನ್ನೆಲ್ಲ ಓನರಮ್ಮ ನೆಲ ನೋಡಿಕೊಂಡು ಹೇಳಿದರು. ನಂತರ ತಲೆಯೆತ್ತಿ, "ನಿಜ ಹೇಳಮ್ಮ. ನೀನು ಬರ್ಕೊಟ್ಯಲ್ಲ, ಆವತ್ತು ಅವಳಿಗೆ ಇತ್ತಾ, ಇರ್ಲಿಲ್ವಾ?" ಎಂದು ಕೇಳಿದರು.

ಇರಲಿಲ್ಲ ಎಂದಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು. ಅವರೂ ಅದನ್ನೇ ಕಾಯುತ್ತಿದ್ದರೇನೋ.

"ಇತ್ತಮ್ಮ. ಕಾಗದ ಸಿಕ್ಕಿಸಿದಾಗ ನಾನು ಮಾತಾಡಿಸಿಬಿಟ್ಟೆ. ಅಕ್ಕ ಅತ್ತರು, ಕಾಗದ ನೆನೀತು. ಗೊತ್ತಿದ್ದೂ ನಾನು ಹೇಳ್ಲಿಲ್ಲ. ನೀವು ಹೊರಗೆ ಕೂತಿದ್ರಿ, ಹೆದರಿಕೊಂಡೆ."

ಅವರು ಬೈಯಲಿಲ್ಲ. ಬೈದಿದ್ದರೆ ಎದ್ದುಬರಲು ಒಂದು ದಾರಿಯಾಗುತ್ತಿತ್ತು. ಮಂಚದ ದಾರ ಎಳೆಯುತ್ತ ಅಂದರು:

"ಕಣ್ಣಿಗೆ ಹೂ ಬೀಳೋದಕ್ಕೆ ಮುಂಚೆ, ಒಂದಿನ ಸೊಪ್ಪು ಹಾಕ್ತಾ ಇದ್ದವಳು ಬಂದು ನನ್ನ ಪಕ್ಕ ಕೂತ್ಕೊಂಡ್ಳು. 'ಅತ್ತೆ, ಕಾಗದದಲ್ಲಿ ಚೆನ್ನಾಗಿದೆ ಅಂತ ಬಂತಲ್ಲ, ಹಂಗಾದ್ರೆ ಈ ಉರಿ ನಾನೇ ಮಾಡ್ಕೊಂತಿದ್ದೀನಾ? ನಂಗೇ ಗೊತ್ತಿಲ್ದಂಗೆ ನಾನು ನಾಟಕ ಆಡ್ತಿದ್ದೀನಾ?' ಅಂತ ಕೇಳಿದ್ಳು."

"ನೀವೇನಂದ್ರಿ?"

"ಹೂಂ ಅಂದೆ ಕಣಮ್ಮ. ಓದಿದೋಳು ನೀನು ಬರ್ದಿದ್ದೆ. ನಾನು ಹೂಂ ಅಂದೆ."

ಕೊನೆಯ ಬಸ್ಸಿಗೆ ಇನ್ನೂ ಸಮಯವಿತ್ತು, ಆದರೂ ಎದ್ದು ಹೊರಟೆ. ಹಿಂತಿರುಗುವಾಗ ದಾರಿಯುದ್ದಕ್ಕೂ ಅವಳ ನೋವಿಗಿಂತ ಹೆಚ್ಚಾಗಿ ಆ ಪ್ರಶ್ನೆ ನನ್ನನ್ನು ಹಿಂಡಿತು. ಮೈ ಉರಿಯುತ್ತಿರುವವಳಿಗೆ ತನ್ನ ಉರಿಯ ಮೇಲೇ ನಂಬಿಕೆ ಹೋಗಿತ್ತು. ಅದನ್ನು ಕಿತ್ತುಕೊಂಡದ್ದು ಅತ್ತೆಯೂ ಅಲ್ಲ, ಹುಳುಮನೆಯೂ ಅಲ್ಲ, ನನ್ನ ದುಂಡಗಿನ ಅಕ್ಷರ. ಕಾಯಿಲೆ ಬೇಗ ಗೊತ್ತಾಗಿದ್ದರೆ ಅವಳು ಬದುಕುತ್ತಿದ್ದಳೋ ಇಲ್ಲವೋ, ಡಾಕ್ಟರೂ ಹೇಳಲಾರರು. ಕಣ್ಣು ಉಳಿಯುತ್ತಿತ್ತು ಅನ್ನುತ್ತಾರೆ.

ಈಗಲೂ ದಿನಕ್ಕೆ ನಾಲ್ಕೈದು ಜನರ ಕಣ್ಣಿಗೆ ಆ ಕಾಗದ ಸಿಕ್ಕಿಸುತ್ತೇನೆ. ಐದು ನಿಮಿಷ ಬಾಯಿ ಬಿಗಿಹಿಡಿದು ನಿಲ್ಲುವುದನ್ನು ಕಲಿತಿದ್ದೇನೆ. ಆದರೂ ಕೆಲವರಿಗೆ ಅಳು ಬಂದುಬಿಡುತ್ತದೆ. ಯಾರೂ ಕೇಳದಿದ್ದರೂ, ಬಹಳ ದಿನಗಳ ಮೇಲೆ ಒಂದು ಕಡೆ ಕಣ್ಣು ಮುಚ್ಚಿ ಕೂತದ್ದಕ್ಕೇ ಬರುತ್ತದೇನೋ. ನಿನ್ನೆ ಚಿಂತಾಮಣಿಯ ಕಡೆಯ ಒಬ್ಬ ಹೆಂಗಸಿಗೆ ಹಾಗೇ ಆಯಿತು. ಅಳತೆಯ ಪಕ್ಕದಲ್ಲಿ ಬರೆದೆ: ಅತ್ತಿದ್ದಾರೆ, ಇನ್ನೊಮ್ಮೆ ನೋಡಬೇಕು. ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ.